ಹೊರಗಿನ ಬೋರ್ಡಿಗೆ ಕನ್ನಡ, ಒಳಗಿನ ಬಾಗಿಲಿಗೆ ಕತ್ತಲೆ!

ನಾಮಫಲಕದ ಹೋರಾಟದಲ್ಲಿ ಕನ್ನಡಿಗ ಗೆದ್ದ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ರಸ್ತೆಗಳಿಗೆ ಕನ್ನಡದ ಹುಡುಗರು ಇಳಿದರು. ಇಂಗ್ಲಿಷ್ ಬೋರ್ಡುಗಳು ಉರುಳಿದವು. ಕಾರ್ಯಕರ್ತರ ಮೇಲೆ ಕೇಸು ಬಿತ್ತು, ಜೈಲು ಸೇರಿದರು. ಕೊನೆಗೆ 2024ರಲ್ಲಿ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದಿತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂಬುದು ಕಾನೂನಾಯಿತು. ಇವತ್ತು ದೊಡ್ಡ ದೊಡ್ಡ ಮಾಲ್‌ಗಳ ನೆತ್ತಿಯ ಮೇಲೂ ನಮ್ಮ ಅಕ್ಷರ ಕಾಣುತ್ತಿದೆ. ಎದೆ ತುಂಬಿ ಬರುತ್ತದೆ, ನಿಜ.

ಆದರೆ ಕನ್ನಡ ಬಂಧುಗಳೇ, ಆ ಬೋರ್ಡಿನ ಕೆಳಗಿನ ಗಾಜಿನ ಬಾಗಿಲು ದಾಟಿ ಒಮ್ಮೆ ಒಳಗೆ ಹೋಗಿ ನೋಡಿ. ಮೂರನೇ ಮಹಡಿಗೆ ಹತ್ತಿ. ಬೆಂಕಿ ಬಿತ್ತು, ಕರೆಂಟು ಹೋಯಿತು, ಹೊಗೆ ತುಂಬಿತು ಎಂದು ಮನಸ್ಸಿನಲ್ಲಿ ಅಂದುಕೊಳ್ಳಿ. ಈಗ ಹೊರಗೆ ಹೋಗುವ ದಾರಿ ಯಾವುದು? ಗೋಡೆಯ ಮೇಲೆ ದೀಪ ಇದೆಯೇ? ಇದ್ದರೆ ಕರೆಂಟು ಹೋದ ಮೇಲೂ ಉರಿಯುತ್ತದೆಯೇ? ಅದರ ಮೇಲೆ ಬರೆದ ಅಕ್ಷರ ಅಲ್ಲಿ ಕಸ ಗುಡಿಸುವ ಲಕ್ಷ್ಮಮ್ಮನಿಗೆ, ಹೊಲಿಗೆ ಯಂತ್ರದ ಮುಂದೆ ಕೂತ ಮಂಡ್ಯದ ಹುಡುಗಿಗೆ, ಬಾಗಿಲು ಕಾಯುವ ರಾಯಚೂರಿನ ಅಣ್ಣನಿಗೆ ಓದಲು ಬರುತ್ತದೆಯೇ?

ಹೊರಗಿನ ಬೋರ್ಡು ಗಿರಾಕಿಯನ್ನು ಒಳಗೆ ಕರೆಯುವುದಕ್ಕೆ. ಒಳಗಿನ ಬೋರ್ಡು ಮನುಷ್ಯನನ್ನು ಜೀವಂತ ಹೊರಗೆ ಕಳಿಸುವುದಕ್ಕೆ. ಮೊದಲನೆಯದಕ್ಕೆ ಕಾನೂನು ಬಂತು, ದಂಡ ಬಂತು, ಅಧಿಕಾರಿಗಳು ಟೇಪು ಹಿಡಿದು ಅಳತೆಗೆ ಹೊರಟರು. ಎರಡನೆಯದನ್ನು ಕೇಳುವವರೇ ಇಲ್ಲ. ನಮ್ಮ ಸಂಘಟನೆಗಳೂ ಕೇಳಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಕಾನೂನು, ಕಟ್ಟಳೆ ಇಲ್ಲವೇ? ಬೇಕಾದಷ್ಟಿದೆ. ಭಾರತೀಯ ಮಾನಕ ಬ್ಯೂರೋ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ 4ನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ತುರ್ತು ದೀಪದ ಬಗ್ಗೆ ಅದು ಹೇಳುವುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮಾಮೂಲಿ ದೀಪಕ್ಕೆ ಬರುವ ಕರೆಂಟನ್ನು ಇದು ನೆಚ್ಚಿಕೊಂಡಿರಬಾರದು, ಬೇರೆಯದೇ ಮೂಲ ಇರಬೇಕು. ಕರೆಂಟು ಹೋದ ಕೆಲವೇ ಸೆಕೆಂಡುಗಳಲ್ಲಿ ತಾನಾಗಿಯೇ ಹೊತ್ತಿಕೊಳ್ಳಬೇಕು. ಎಷ್ಟು ಚಿಕ್ಕ ಕಟ್ಟಡವಾದರೂ ಕನಿಷ್ಠ 90 ನಿಮಿಷ ಉರಿಯಬೇಕು. ತಪ್ಪಿಸಿಕೊಳ್ಳುವ ದಾರಿಯ ನಡುವೆ ನೆಲದ ಮೇಲೆ 10 ಲಕ್ಸ್‌ಗೆ ಕಡಿಮೆಯಿಲ್ಲದ ಬೆಳಕು ಬೀಳಬೇಕು. 10 ಲಕ್ಸ್ ಅಂದರೆ ಏನು ಮಹಾ? ಒಂದು ಮೇಣದಬತ್ತಿಯನ್ನು ಒಂದು ಅಡಿ ದೂರದಲ್ಲಿ ಹಿಡಿದರೆ ಬೀಳುವಷ್ಟು ಬೆಳಕು. ಸರ್ಕಾರ ಕೇಳುತ್ತಿರುವುದು ದೀಪಾವಳಿಯನ್ನಲ್ಲ, ಮೇಣದಬತ್ತಿಯಷ್ಟು ಬೆಳಕನ್ನು! ಒಂದು ದೀಪ ಕೆಟ್ಟರೆ ಇಡೀ ದಾರಿಯೇ ಕತ್ತಲಾಗುವ ಹಾಗೆ ಜೋಡಿಸಬಾರದು. ದೀಪ ನೆಲದಿಂದ ಕನಿಷ್ಠ 2 ಮೀಟರ್ ಎತ್ತರದಲ್ಲಿರಬೇಕು, ಆದರೆ ಆದಷ್ಟೂ ಕೆಳಗಿರಬೇಕು. ಯಾಕೆಂದರೆ ಹೊಗೆ ಮೊದಲು ಸೂರಿಗೆ ಏರುತ್ತದೆ. ಸೂರಿಗೆ ಅಂಟಿಸಿದ ಚೆಂದದ ದೀಪವನ್ನು ಹೊಗೆ ಎಲ್ಲಕ್ಕಿಂತ ಮೊದಲು ನುಂಗಿಬಿಡುತ್ತದೆ. ಹೊರದಾರಿಯ ಫಲಕ ಹಸಿರು ಬಣ್ಣದ್ದಿರಬೇಕು, ಅದಕ್ಕೂ ಬೆಳಕಿರಬೇಕು, ಅದರ ವೈರು ಪ್ರತ್ಯೇಕವಾಗಿರಬೇಕು. ಕಾಲಕಾಲಕ್ಕೆ ಪರೀಕ್ಷೆ ಮಾಡಿ ಸುಸ್ಥಿತಿಯಲ್ಲಿ ಇಡಬೇಕು.

ಇದು ಸಂಹಿತೆ. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯ ಸರ್ಕಾರವೂ ಪಾಲಿಕೆಗಳೂ ತಮ್ಮ ಬೈಲಾದಲ್ಲಿ, ನಿಯಮದಲ್ಲಿ ಸೇರಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಅಲ್ಲೇ ಸಂದಿಗೊಂದಿಗಳು ಹುಟ್ಟುವುದು. ಇಷ್ಟು ಎತ್ತರ ಮೀರಿದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು ಎಂದರೆ ಮಾಲೀಕ ಅಷ್ಟಕ್ಕೆ ಒಂದು ಗೇಣು ಕಡಿಮೆ ಕಟ್ಟುತ್ತಾನೆ. ಆಮೇಲೆ ಮೇಲೊಂದು ತಗಡಿನ ಶೆಡ್ಡು ಹಾಕಿ ಐವತ್ತು ಜನರನ್ನು ಕೂರಿಸುತ್ತಾನೆ. ನಕ್ಷೆಯಲ್ಲಿ ಎರಡು ಮೆಟ್ಟಿಲು, ಕಟ್ಟಡದಲ್ಲಿ ಒಂದು. ಎರಡನೆಯದು ಗೋದಾಮು.

ಬೆಂಗಳೂರಿನಲ್ಲಿ ಯಾವ ಮಾಲೀಕನನ್ನು ಕೇಳಿದರೂ ಬರುವ ಉತ್ತರ ಒಂದೇ. "ಜನರೇಟರ್ ಇದೆಯಲ್ಲಾ ಸಾರ್, ಯುಪಿಎಸ್ ಇದೆಯಲ್ಲಾ." ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಓದಿದವರೂ ಇಲ್ಲೇ ಮೋಸಹೋಗುವುದು. ಜನರೇಟರ್ ಇರುವುದು ಬೆಸ್ಕಾಂ ಕರೆಂಟು ತೆಗೆದಾಗ ಕೆಲಸ ನಿಲ್ಲಬಾರದು ಎಂದು. ಬೆಂಕಿ ಬಿದ್ದಾಗ ಕರೆಂಟು ಹೋಗುವ ರೀತಿಯೇ ಬೇರೆ. ಎಷ್ಟೋ ಕಡೆ ಬೆಂಕಿ ಹುಟ್ಟುವುದೇ ಕರೆಂಟಿನ ಪ್ಯಾನಲ್ ಬೋರ್ಡಿನಲ್ಲಿ, ಕೇಬಲ್ ಹಾದುಹೋಗುವ ಗೂಡಿನಲ್ಲಿ. ಜನರೇಟರಿನ ಕರೆಂಟೂ ಮೇಲಕ್ಕೆ ಹೋಗುವುದು ಅದೇ ಗೂಡಿನಲ್ಲಿ. ಕೇಬಲ್ಲೇ ಸುಟ್ಟಮೇಲೆ ಕೆಳಗೆ ಜನರೇಟರ್ ಗುಡುಗಿದರೆ ಮೇಲಿನ ಮಹಡಿಗೆ ಏನು ಬಂತು? ಅದೂ ಅಲ್ಲದೆ, ಬೆಂಕಿ ನಂದಿಸಲು ನೀರು ಹೊಡೆಯುವವರು ಮೊದಲು ಮಾಡುವ ಕೆಲಸ ಕಟ್ಟಡದ ಕರೆಂಟು ತೆಗೆಸುವುದು. ಹಾಗಾಗಿ ತುರ್ತು ದೀಪಕ್ಕೆ ತನ್ನ ಹೊಟ್ಟೆಯೊಳಗೇ ಬ್ಯಾಟರಿ ಇರಬೇಕು, ಇಲ್ಲವೇ ಬೆಂಕಿ ತಾಗದ ಕಡೆ ಇಟ್ಟ ಬ್ಯಾಟರಿ ಕೋಣೆಯಿಂದ ಬೆಂಕಿ ತಡೆಯುವ ಕೇಬಲ್ಲಿನಲ್ಲಿ ಕರೆಂಟು ಬರಬೇಕು. ಕರೆಂಟು ಇದ್ದಷ್ಟು ಹೊತ್ತು ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ. ಕರೆಂಟು ತಪ್ಪಿದ ಕೂಡಲೇ ಒಳಗಿನ ರಿಲೇ ಬ್ಯಾಟರಿಗೆ ತಿರುಗಿಸುತ್ತದೆ. ವಿದ್ಯೆ ಇಷ್ಟೇ. ಮನೆಗೆ ತರುವ ಎಮರ್ಜೆನ್ಸಿ ಲೈಟಿನದೂ ಇದೇ ವಿದ್ಯೆ.

ಬ್ಯಾಟರಿ ಶಾಶ್ವತ ಅಲ್ಲ. ಕೆಲವು ವರ್ಷಕ್ಕೆ ಸಾಯುತ್ತದೆ. ಸತ್ತ ಬ್ಯಾಟರಿಯ ದೀಪ ಕರೆಂಟಿದ್ದಾಗ ಹಸಿರಾಗಿ ಮಿನುಗುತ್ತಲೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದಕ್ಕೇ ಈ ದೀಪಗಳಲ್ಲಿ ಪರೀಕ್ಷೆಯ ಗುಂಡಿ ಇಟ್ಟಿರುತ್ತಾರೆ. ಅದನ್ನು ಒತ್ತಿದವರು ಎಷ್ಟು ಜನ?

ದೆಹಲಿಯ ಉಪಹಾರ್ ಚಿತ್ರಮಂದಿರವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. 1997ರ ಜೂನ್ 13. 'ಬಾರ್ಡರ್' ಸಿನಿಮಾ ಓಡುತ್ತಿತ್ತು. ಕೆಳಗೆ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು. ಹೊಗೆ ಮೇಲಕ್ಕೆ ಏರಿ ಬಾಲ್ಕನಿಗೆ ನುಗ್ಗಿತು. ಕರೆಂಟು ಹೋಗಿ ಕತ್ತಲಾಯಿತು. ತುರ್ತು ದೀಪ ಇರಲಿಲ್ಲ, ಹೊರದಾರಿಯ ದೀಪ ಉರಿಯಲಿಲ್ಲ, ಧ್ವನಿವರ್ಧಕದಲ್ಲಿ ಒಂದು ಸೂಚನೆ ಕೊಡುವವರಿರಲಿಲ್ಲ. ನಾಲ್ಕು ಟಿಕೆಟ್ ಹೆಚ್ಚಿಗೆ ಮಾರುವ ಆಸೆಗೆ ಬಾಲ್ಕನಿಯ ಒಂದು ದಾರಿಯನ್ನೇ ಮುಚ್ಚಿ ಸೀಟು ಹಾಕಿದ್ದರು. 59 ಜನ ಸತ್ತರು. ಗಮನಿಸಿ, ಬಹುಪಾಲು ಜನ ಬೆಂಕಿಯಲ್ಲಿ ಬೆಂದು ಸಾಯಲಿಲ್ಲ. ದಾರಿ ಸಿಗದೆ ಹೊಗೆ ಕುಡಿದು ಸತ್ತರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ವರ್ಷಗಟ್ಟಲೆ ಎಳೆದಾಡಿತು.

ದೆಹಲಿ ದೂರ ಎನ್ನುವವರಿಗೆ ಹಳೇ ವಿಮಾನ ನಿಲ್ದಾಣ ರಸ್ತೆ ಹತ್ತಿರವಿದೆ. 2010ರ ಫೆಬ್ರವರಿ 23ರ ಮಧ್ಯಾಹ್ನ ಅಲ್ಲಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ಲಿನ ಗೂಡಿನಿಂದ ಹೊಗೆ ಎದ್ದಿತು. ಮೆಟ್ಟಿಲುಗಳೆಲ್ಲ ಹೊಗೆಗೂಡಾದವು. ತುರ್ತು ದಾರಿಗಳು ಮುಚ್ಚಿದ್ದವು ಎಂಬ ವರದಿಗಳು ಮರುದಿನದ ಪತ್ರಿಕೆಗಳ ತುಂಬ ಬಂದವು. ಒಳಗಿದ್ದವರು ಕಿಟಕಿಯ ಗಾಜು ಒಡೆದು ಉಸಿರಿಗಾಗಿ ತಲೆ ಹೊರಹಾಕಿದರು. ಕೆಲವರು ಮೇಲಿನ ಮಹಡಿಗಳಿಂದ ಹಾರಿಯೇಬಿಟ್ಟರು. ಒಂಬತ್ತು ಜೀವ ಹೋಯಿತು. ಹಾಡಹಗಲು! ಹೊರಗೆ ಸೂರ್ಯ ಉರಿಯುತ್ತಿದ್ದ, ಒಳಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ತುರ್ತು ದೀಪ ರಾತ್ರಿ ಪಾಳಿಗೆ ಮಾತ್ರ ಎಂದುಕೊಂಡವರು ಇದನ್ನು ನೆನಪಿಡಬೇಕು. ಗಾಜಿನ ಗೋಡೆಯ ಕಟ್ಟಡದ ನಡುಮಧ್ಯದ ಮೆಟ್ಟಿಲಿಗೆ ಹಗಲೂ ಒಂದೇ, ಇರುಳೂ ಒಂದೇ.

ಆಮೇಲೆ ಏನಾಯಿತು? ಸುತ್ತೋಲೆ ಬಂತು, ನೋಟಿಸು ಹೋಯಿತು, ಪರಿಶೀಲನೆ ನಡೆಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮವರು ಅದನ್ನೂ ನೆಟ್ಟಗೆ ಹಾಕಲಿಲ್ಲ. 2023ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿಯ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪ್ರಯೋಗಾಲಯದಲ್ಲೇ ಬೆಂಕಿ ಬಿದ್ದು ಒಂಬತ್ತು ಮಂದಿ ನೌಕರರು ಸುಟ್ಟುಕೊಂಡರು. ಊರಿನ ಕಟ್ಟಡಗಳಿಗೆಲ್ಲ ಪರವಾನಗಿ ಕೊಡುವ ಕಚೇರಿಯ ಅಂಗಳದ ಕಥೆ ಇದು.

ಈಗ ಗಾರ್ಮೆಂಟ್ಸ್‌ಗೆ ಬನ್ನಿ. ನಮ್ಮ ಮುಖ್ಯ ಮಾತು ಅಲ್ಲೇ ಇದೆ. ಪೀಣ್ಯ, ಬೊಮ್ಮಸಂದ್ರ, ಮೈಸೂರು ರಸ್ತೆ, ರಾಮನಗರ, ಮದ್ದೂರು. ಬೆಳಗಿನ ಜಾವ ಎದ್ದು ಅಡುಗೆ ಮಾಡಿಟ್ಟು, ಟೆಂಪೋದಲ್ಲಿ ನಿಂತು ಬಂದು, ದಿನವಿಡೀ ಹೊಲಿಗೆ ಹಾಕುವ ಲಕ್ಷಾಂತರ ಹೆಣ್ಣುಮಕ್ಕಳು. ಇವರಲ್ಲಿ ಬಹುಪಾಲು ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಬಸ್ಸಿನ ಬೋರ್ಡು, ಪಡಿತರ ಚೀಟಿ, ಸಂಘದ ಪಾಸ್‌ಬುಕ್ಕು ಓದುತ್ತಾರೆ. ಇವರ ನೆತ್ತಿಯ ಮೇಲಿನ ಫಲಕ ಮಾತ್ರ ಇಂಗ್ಲಿಷಿನಲ್ಲಿ. ಸುತ್ತ ಬಟ್ಟೆ, ನೂಲು, ದೂಳು, ಥರ್ಮೋಕೋಲು, ರಟ್ಟಿನ ಪೆಟ್ಟಿಗೆ. ಹತ್ತಿಕೊಂಡರೆ ನಿಮಿಷಗಳ ಲೆಕ್ಕ.

ಬಾಂಗ್ಲಾದೇಶದ ಢಾಕಾ ಹತ್ತಿರ ತಜ್ರೀನ್ ಫ್ಯಾಷನ್ಸ್ ಎಂಬ ಬಹುಮಹಡಿ ಗಾರ್ಮೆಂಟ್ಸ್ ಕಾರ್ಖಾನೆ ಇತ್ತು. 2012ರ ನವೆಂಬರ್ 24ರ ಸಂಜೆ ನೆಲಮಹಡಿಯ ದಾಸ್ತಾನಿಗೆ ಬೆಂಕಿ ಬಿತ್ತು. ಗಂಟೆ ಹೊಡೆದಾಗ ಎದ್ದವರನ್ನು ಮೇಲ್ವಿಚಾರಕರು ಮತ್ತೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಕಿಟಕಿಗೆ ಕಬ್ಬಿಣದ ಸರಳು, ಬಾಗಿಲಿಗೆ ಬೀಗ. 112 ಜನಕ್ಕೂ ಹೆಚ್ಚು ಕೆಲಸಗಾರರು ಸತ್ತರು, ಹೆಚ್ಚಿನವರು ನಮ್ಮ ಈ ಹುಡುಗಿಯರ ಹಾಗೆ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಅಲ್ಲಿಗೂ ನೂರು ವರ್ಷ ಹಿಂದೆ, 1911ರ ಮಾರ್ಚ್ 25ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ಟ್ರಯಾಂಗಲ್ ಎಂಬ ಬ್ಲೌಸ್ ಹೊಲಿಯುವ ಕಾರ್ಖಾನೆಯಲ್ಲಿ ಇದೇ ನಡೆದಿತ್ತು. ಬಾಗಿಲಿಗೆ ಬೀಗ, 146 ಸಾವು. ಅಲ್ಲಿ ಸತ್ತವರಲ್ಲಿ ಬಹುಪಾಲು ಹೊರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಹುಡುಗಿಯರು, ಅವರ ಮನೆಮಾತು ಯಿದ್ದಿಷ್, ಇಟಾಲಿಯನ್.

ಕೆಲಸಗಾರರ ಭಾಷೆಯ ವಿಷಯ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. "ನಿಮಗೆ ಎಲ್ಲದರಲ್ಲೂ ಭಾಷೆಯೇ ಕಾಣುತ್ತದೆ" ಎಂದು ಮೂಗು ಮುರಿಯುವ ಮಹನೀಯರು ದಯವಿಟ್ಟು 1948ರ ಕಾರ್ಖಾನೆಗಳ ಕಾಯ್ದೆಯನ್ನು ತೆಗೆದು ನೋಡಲಿ. ಆ ಕಾಯ್ದೆ ಬಂದಾಗ ಅದರ 38ನೇ ಕಲಮಿನಲ್ಲಿ ಏನಿತ್ತು? ದಿನನಿತ್ಯ ಓಡಾಡುವ ಬಾಗಿಲು ಬಿಟ್ಟು, ಬೆಂಕಿಯಿಂದ ತಪ್ಪಿಸಿಕೊಳ್ಳಲು ಇರುವ ಪ್ರತಿಯೊಂದು ಬಾಗಿಲು, ಕಿಟಕಿಗೂ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಸಾಕಷ್ಟು ದೊಡ್ಡದಾದ ಕೆಂಪಕ್ಷರದಲ್ಲಿ ಗುರುತು ಹಾಕಬೇಕು, ಇಲ್ಲವೇ ಸ್ಪಷ್ಟವಾಗಿ ತಿಳಿಯುವ ಬೇರೆ ಗುರುತು ಇರಬೇಕು ಎಂದಿತ್ತು. ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲು ಹೊರಮುಖವಾಗಿ ತೆರೆಯಬೇಕು ಎಂದೂ ಇತ್ತು. 108ನೇ ಕಲಮಿನಲ್ಲಿ ಕಾರ್ಖಾನೆಯ ನೋಟಿಸುಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರ ಭಾಷೆಯಲ್ಲಿ ಇರಲೇಬೇಕು ಎಂದಿತ್ತು. ಗೋಕಾಕ್ ಚಳವಳಿಗೆ ಮೂವತ್ತು ವರ್ಷ ಮೊದಲೇ, ಏಕೀಕರಣಕ್ಕೂ ಎಂಟು ವರ್ಷ ಮೊದಲೇ ದೆಹಲಿಯಲ್ಲಿ ಕೂತವರು ಒಪ್ಪಿ ಬರೆದ ಮಾತಿದು! 1987ರ ತಿದ್ದುಪಡಿಯಲ್ಲಿ 38ನೇ ಕಲಮಿನ ರೂಪ ಬದಲಾಗಿ, ವಿವರಗಳು ರಾಜ್ಯಗಳ ನಿಯಮಕ್ಕೆ ಬಿಟ್ಟ ವಿಷಯವಾದವು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯೇ ಹೋಗಿ, ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಹೊಸ ಸಂಹಿತೆಯ ಅಡಿಯಲ್ಲಿ ರಾಜ್ಯದ ನಿಯಮ ಬರೆಯುವ ಅಧಿಕಾರಿಗಳ ಕೈಯಲ್ಲಿ ಈಗ ಪೆನ್ನಿದೆ. 1948ರಲ್ಲಿ ಇದ್ದ ಆ ಒಂದು ಸಾಲು ಕನ್ನಡದ ಹೆಸರು ಹಿಡಿದು ನಮ್ಮ ನಿಯಮದಲ್ಲಿ ಇರುತ್ತದೆಯೋ ಇಲ್ಲವೋ ಎಂದು ಕಣ್ಣಿಟ್ಟು ನೋಡಬೇಕಾದ ಕಾಲ ಇದು. ವಿಧಾನಸೌಧದ ಮುಂದೆ ಕೂಗುವುದಕ್ಕಿಂತ ಇಂಥ ಕಡೆ ಒಂದು ಅರ್ಜಿ ಕೊಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗೆಳೆಯರು ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ಮಾತನ್ನೂ ನೇರವಾಗಿ ಹೇಳಿಬಿಡುತ್ತೇವೆ. ಇವತ್ತು ಗಾರ್ಮೆಂಟ್ಸ್‌ನಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗಿಯರೂ ಇದ್ದಾರೆ. ಅವರ ಹಾಸ್ಟೆಲ್ಲು, ಅವರ ಸಾಲು ಇರುವ ಕಡೆ ಕನ್ನಡದ ಕೆಳಗೆ ಒಡಿಯಾ, ಹಿಂದಿಯನ್ನೂ ಬರೆಯಲಿ. ಕನ್ನಡ ಮೊದಲು, ದೊಡ್ಡದಾಗಿ. ಅದರ ಕೆಳಗೆ ಅವರ ಭಾಷೆ. ಬೇರೆ ಊರಿನ ಮಗು ನಮ್ಮ ನೆಲದಲ್ಲಿ ಬಾಗಿಲು ತಿಳಿಯದೆ ಸತ್ತರೆ ಅದು ಕನ್ನಡಕ್ಕೆ ಕೀರ್ತಿ ತರುವುದಿಲ್ಲ. ಇದರಲ್ಲಿ ಕೆಲವು ಮಿತ್ರರಿಗೆ ಭಿನ್ನಾಭಿಪ್ರಾಯ ಇದೆ ಎಂದು ಬಲ್ಲೆವು.

ಈ ಸಂಪಾದಕೀಯ ಬರೆಯುತ್ತಿರುವವನು ಹೊಟ್ಟೆಪಾಡಿಗೆ ಪ್ರೆಸ್ ನಡೆಸುವವನು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರದ ಜೊತೆಗೆ ಸ್ಟಿಕ್ಕರುಗಳನ್ನೂ ಹಾಕಿಕೊಡುತ್ತೇವೆ. ಹಾಗಾಗಿ ಈ ಫಲಕಗಳ ಒಳಗುಟ್ಟು ಸ್ವಲ್ಪ ಗೊತ್ತು. 'ಎಕ್ಸಿಟ್' ಎಂಬ ಸ್ಟಿಕ್ಕರಿಗೆ ಬರುವ ಆರ್ಡರುಗಳಲ್ಲಿ ಕನ್ನಡ ಕೇಳುವವರು ಅಪರೂಪ. "ಕನ್ನಡದಲ್ಲೂ ಹಾಕಿಕೊಡುತ್ತೇನೆ, ಹೆಚ್ಚಿಗೆ ದುಡ್ಡು ಬೇಡ" ಎಂದರೂ ಒಬ್ಬ ಕಾರ್ಖಾನೆಯ ಮ್ಯಾನೇಜರು ಹೇಳಿದ್ದು ಇದು: "ಬೇಡ ಬಿಡಿ ಸಾರ್, ಇನ್‌ಸ್ಪೆಕ್ಷನ್‌ಗೆ ಬರೋರು ಎಕ್ಸಿಟ್ ಅಂತ ಇದೆಯಾ ಇಲ್ವಾ ಅಷ್ಟೇ ನೋಡೋದು." ಅಂದರೆ ಫಲಕ ಇರುವುದು ಕೆಲಸಗಾರನಿಗೆ ಅಲ್ಲ, ಇನ್‌ಸ್ಪೆಕ್ಟರಿಗೆ!

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ನಮ್ಮಲ್ಲಿ ಎಲ್ಲವನ್ನೂ 'ರೇಡಿಯಂ ಸ್ಟಿಕ್ಕರ್' ಅನ್ನುತ್ತಾರೆ. ಹಿಂದೆ ಗಡಿಯಾರದ ಮುಳ್ಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು, ಅದು ಕತ್ತಲಲ್ಲಿ ತಾನೇ ಹೊಳೆಯುತ್ತಿತ್ತು. ಆ ಹೆಸರು ಹಾಗೇ ಉಳಿದಿದೆ. ಈಗ ಲಾರಿ, ಆಟೋ, ಬೈಕಿಗೆ ಅಂಟಿಸುವ ರೇಡಿಯಂ ತಾನೇ ಹೊಳೆಯುವುದಿಲ್ಲ. ಹಿಂದಿನ ಗಾಡಿಯ ಹೆಡ್‌ಲೈಟು ಬಿದ್ದರೆ ಆ ಬೆಳಕನ್ನು ತಿರುಗಿಸಿ ಹೊಡೆಯುತ್ತದೆ, ಅಷ್ಟೇ. ಬೆಳಕೇ ಇಲ್ಲದ ಮೆಟ್ಟಿಲಲ್ಲಿ ಅದು ಬರೀ ಪ್ಲಾಸ್ಟಿಕ್ಕು. ಕತ್ತಲಲ್ಲಿ ತಾನೇ ಹೊಳೆಯುವ ಹಾಳೆ ಬೇರೆ ಇದೆ. ಹಗಲು ದೀಪದ ಬೆಳಕನ್ನು ಕುಡಿದಿಟ್ಟುಕೊಂಡು, ದೀಪ ಆರಿದ ಮೇಲೆ ತಿಳಿಹಸಿರಾಗಿ ಬಿಡುತ್ತದೆ. ಅದರ ಬೆಲೆ ಹೆಚ್ಚು. ಹಾಗಾಗಿ ಎಷ್ಟೋ ಕಡೆ ಬೈಕಿನ ರೇಡಿಯಮ್ಮನ್ನೇ ಬಾಣದ ಆಕಾರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ, ಹೊಳೆಯುವ ಫಲಕ ಎಂದು ಲೆಕ್ಕ ತೋರಿಸುತ್ತಾರೆ. ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಡ. ಕೋಣೆಯ ದೀಪ ಆರಿಸಿ ನಿಂತರೆ ಸಾಕು. ಹೊಳೆಯುವ ಹಾಳೆ ಇದ್ದರೂ ಅದು ದೀಪಕ್ಕೆ ಜೊತೆಯೇ ಹೊರತು ದೀಪದ ಬದಲಿಗಲ್ಲ. ಬೆಳಕೇ ಬೀಳದ ಮೆಟ್ಟಿಲಿನಲ್ಲಿ ಕುಡಿಯುವುದಕ್ಕೆ ಅದಕ್ಕೂ ಏನೂ ಸಿಗುವುದಿಲ್ಲ.

"ಓಡುವ ಮನುಷ್ಯನ ಚಿತ್ರ ಇದೆಯಲ್ಲಾ, ಅದಕ್ಕೆ ಭಾಷೆ ಯಾಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆ ಹಸಿರು ಚಿತ್ರ ಜಪಾನಿನಲ್ಲಿ ಹುಟ್ಟಿ ಜಗತ್ತಿನ ಮಾನ್ಯತೆ ಪಡೆದದ್ದು, ಒಳ್ಳೆಯದು, ಇರಲೇಬೇಕು. ಓದು ಬಾರದವರಿಗೂ ತಿಳಿಯುತ್ತದೆ. ಆದರೆ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ. 'ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬೇಡಿ', 'ಈ ಸರಳನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ', 'ಈ ಬಾಗಿಲ ಹಿಂದೆ ದಾರಿಯಿಲ್ಲ', 'ಗೇಟಿನ ಬಳಿ ಬೇವಿನ ಮರದ ಕೆಳಗೆ ಸೇರಿ' ಎಂಬುದಕ್ಕೆ ಮಾತು ಬೇಕು. ಆ ಮಾತು ಇರುವುದೇ ಆದರೆ ಇಂಗ್ಲಿಷಿನಲ್ಲಿ ಮಾತ್ರ ಯಾಕಿರಬೇಕು? ಇಂಗ್ಲಿಷಿಗೆ ಜಾಗವಿರುವ ಫಲಕದಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂಬುದನ್ನು ಒಪ್ಪಲು ನಾವು ಸಿದ್ಧರಿಲ್ಲ.

ಹಾಗೆಂದು ಕನ್ನಡ ಎಂದ ಕೂಡಲೇ 'ತುರ್ತು ನಿರ್ಗಮನ ದ್ವಾರ' ಎಂದು ಬರೆದು ಕೈತೊಳೆದುಕೊಳ್ಳುವುದೂ ನಮಗೆ ಬೇಡ. ಅಕ್ಷರ ಜೋಡಿಸುವ ಕಸುಬಿನವನಾಗಿ ಹೇಳುತ್ತೇನೆ. ಮೂರು ಪದ, ಅದರಲ್ಲಿ ಎರಡು ಅರ್ಕಾವೊತ್ತು, ಮೂರು ಒತ್ತಕ್ಷರ. ಒಂದು ಅಡಿ ಅಗಲದ ಫಲಕದಲ್ಲಿ ಇಷ್ಟನ್ನು ತುರುಕಿದರೆ ಅಕ್ಷರ ಇರುವೆಯಾಗುತ್ತದೆ. ಹಿಂದಿನಿಂದ ಬೆಳಕು ಬಿಟ್ಟಾಗ ಒತ್ತುಗಳೆಲ್ಲ ಮುದ್ದೆಯಾಗಿ ಕಾಣುತ್ತವೆ, ಹೊಗೆಯಲ್ಲಂತೂ ಕೇಳಲೇಬೇಡಿ. 'ಹೊರಗೆ' ಎಂದು ಬರೆಯಿರಿ. ಮೂರೇ ಅಕ್ಷರ, ಒಂದು ಒತ್ತೂ ಇಲ್ಲ, ಅದೇ ಫಲಕದಲ್ಲಿ ಮೂರು ಪಟ್ಟು ದೊಡ್ಡದಾಗಿ ಕೂರುತ್ತದೆ. 'ಹೊರದಾರಿ' ಎಂದರೂ ಸರಿಯೇ. ಹಳೆಯ ಕೆಲವು ಟಾಕೀಸುಗಳಲ್ಲಿ ಬಾಗಿಲ ಮೇಲೆ ಕೆಂಪು ಗಾಜಿನ ಹಿಂದೆ ದೀಪವಿಟ್ಟು 'ಹೊರಗೆ' ಎಂದು ಬರೆದದ್ದನ್ನು ನೋಡಿದವರು ಇದ್ದೀರಿ. ಆ ಕಾಲದ ಪೇಂಟರಿಗೆ ಇದ್ದ ಬುದ್ಧಿ ಈಗಿನ ಕಂಪ್ಯೂಟರ್ ಡಿಸೈನಿಗೆ ಇಲ್ಲ. ಅಕ್ಷರ ದಪ್ಪವಿರಲಿ, ಹಸಿರಿನ ಮೇಲೆ ಬಿಳಿ ಇರಲಿ. ಬಳುಕುವ ಚೆಂದದ ಫಾಂಟುಗಳನ್ನು ಮದುವೆ ಕಾರ್ಡಿಗೆ ಇಟ್ಟುಕೊಳ್ಳೋಣ.

ನಮ್ಮ ಮುದ್ರಕ ಮಿತ್ರರಿಗೂ ಒಂದು ಮಾತು. ಕಾಗದ, ಇಂಕು, ಉರುಳೆ ತೊಳೆಯುವ ಎಣ್ಣೆ, ಥಿನ್ನರ್. ಬೆಂಕಿಗೆ ಬೇಕಾದದ್ದೆಲ್ಲ ನಮ್ಮ ಬಳಿ ಇದೆ. ಪೇಟೆಯ ಗಲ್ಲಿಗಳಲ್ಲಿ ಪ್ರೆಸ್ಸುಗಳ ಹಿಂಬಾಗಿಲಿಗೆ ರೀಮುಗಟ್ಟಲೆ ಕಾಗದ ಒತ್ತಿ ಇಟ್ಟಿರುವುದು ಕಣ್ಣಿಗೆ ಬೀಳುತ್ತದೆ. ರಾತ್ರಿ ಪಾಳಿಯ ಹುಡುಗರು ಮಲಗುವುದೂ ಅಲ್ಲೇ. 2018ರ ಜನವರಿಯಲ್ಲಿ ಕೆ.ಆರ್. ಮಾರುಕಟ್ಟೆ ಬಳಿಯ ಒಂದು ಬಾರ್‌ನಲ್ಲಿ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತದ್ದನ್ನು ನೆನಪಿಸಿಕೊಳ್ಳಿ. ನಾಲ್ಕು ದೀಪ, ಒಂದು ತೆರೆದ ಹಿಂಬಾಗಿಲು. ಒಂದು ಪ್ಲೇಟಿನ ಮೆಷೀನು ಕೊಳ್ಳುವವರಿಗೆ ಇದು ದೊಡ್ಡ ಖರ್ಚಲ್ಲ.

ನಮ್ಮ ಬೇಡಿಕೆ ಸಣ್ಣದು, ಸ್ಪಷ್ಟವಾದದ್ದು. ಹೊಸ ಕಾರ್ಮಿಕ ಸಂಹಿತೆಯ ರಾಜ್ಯದ ನಿಯಮದಲ್ಲಿ, ಕರ್ನಾಟಕದ ಪ್ರತಿ ಕಾರ್ಖಾನೆಯಲ್ಲಿ ಹೊರದಾರಿಯ ಫಲಕ ಮೊದಲು ಕನ್ನಡದಲ್ಲಿ, ಬ್ಯಾಟರಿ ಬೆಳಕಿನ ಮೇಲೆ ಇರಬೇಕು ಎಂದು ಬರೆಯಲಿ. ಬಿಬಿಎಂಪಿ ಹೋಗಿ 2025ರಲ್ಲಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದಿವೆ. ಈ ಐದೂ, ಮತ್ತು ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿಯ ಪಾಲಿಕೆಗಳೂ ವ್ಯಾಪಾರ ಪರವಾನಗಿ ನವೀಕರಿಸುವಾಗ ಹೊರಗಿನ ಬೋರ್ಡಿನ ಫೋಟೋ ಕೇಳುವಂತೆ, ಮೇನ್ ಸ್ವಿಚ್ ತೆಗೆದು ಕತ್ತಲಲ್ಲಿ ಹಿಡಿದ ಒಳಗಿನ ಮೆಟ್ಟಿಲಿನ ಫೋಟೋವನ್ನೂ ಕೇಳಲಿ. ದೀಪ ಇದ್ದರೆ ಫೋಟೋದಲ್ಲಿ ದಾರಿ ಬರುತ್ತದೆ, ಇಲ್ಲದಿದ್ದರೆ ಕಪ್ಪು ಬರುತ್ತದೆ. ಲಂಚ ಕೊಟ್ಟರೂ ಕಪ್ಪು ಫೋಟೋ ಬೆಳಗುವುದಿಲ್ಲ! ಅಗ್ನಿಶಾಮಕ ಇಲಾಖೆ ಕಾರ್ಖಾನೆಗಳಲ್ಲಿ ನಡೆಸುವ ಅಣಕು ಪ್ರದರ್ಶನವನ್ನು ಕನ್ನಡದಲ್ಲಿ, ದೀಪ ಆರಿಸಿ ನಡೆಸಲಿ. ಹಾ, ಸರ್ಕಾರಿ ಕಚೇರಿಗಳಿಂದಲೇ ಶುರುವಾಗಲಿ.

ಓದುಗರು ಸರ್ಕಾರಕ್ಕೆ ಕಾಯಬೇಕಿಲ್ಲ. ಈ ತಿಂಗಳು ನೀವು ಕೆಲಸ ಮಾಡುವ ಕಡೆ ಮೊದಲು ಹೊರದಾರಿಯ ಬಾಗಿಲು ತಳ್ಳಿ ನೋಡಿ, ತೆರೆಯುತ್ತದೆಯೇ ಎಂದು. ದೀಪದ ಕೆಳಗಿನ ಪರೀಕ್ಷೆಯ ಗುಂಡಿ ಒತ್ತಿ. ಉರಿಯದಿದ್ದರೆ ಮಾಲೀಕರಿಗೆ ಮರ್ಯಾದೆಯಿಂದ, ಬರವಣಿಗೆಯಲ್ಲಿ ತಿಳಿಸಿ. ಈ ಸಲ ಯಾರೂ ಮಸಿ ಬಳಿಯುವುದು, ಕಲ್ಲು ತೂರುವುದು ಬೇಡ. ಹದಿನೈದು ದಿನ ಕಾದು ನೋಡಿ. ಏನೂ ಆಗದಿದ್ದರೆ ಕೊನೆಯ ಪುಟದಲ್ಲಿರುವ ಅರ್ಜಿಯ ನಮೂನೆಯನ್ನು ಕತ್ತರಿಸಿ, ಕಟ್ಟಡದ ವಿಳಾಸ, ಮಹಡಿ, ಕೆಲಸಗಾರರ ಸಂಖ್ಯೆ ತುಂಬಿ ಮೂರು ಪ್ರತಿ ಮಾಡಿ. ಒಂದು ಅಗ್ನಿಶಾಮಕ ಠಾಣೆಗೆ, ಒಂದು ಪಾಲಿಕೆಗೆ ಅಥವಾ ಕಾರ್ಖಾನೆಗಳ ಇಲಾಖೆಗೆ, ಒಂದು ನಿಮಗೆ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಕೆಲಸ ಹೋಗುವ ಭಯ ಇರುವ ಹೆಣ್ಣುಮಕ್ಕಳು ಹೆಸರು ಬರೆಯುವುದು ಬೇಡ. ನಮ್ಮ ಶಾಖೆಯ ಕಾರ್ಯಕರ್ತರ ಕೈಗೆ ವಿಳಾಸ ಕೊಟ್ಟರೆ ಸಾಕು, ಅರ್ಜಿ ನಮ್ಮ ಹೆಸರಿನಲ್ಲಿ ಹೋಗುತ್ತದೆ.